ಸೊಂಟದ ಸುತ್ತ ಸುತ್ತಿದ ಕತೆಗಳು

'ಗಾನ್ ವಿತ್ ದಿ ವಿಂಡ್' (1939) ನೋಡಿದವರು ಆ ದೃಶ್ಯವನ್ನು ಮರೆತಿರಲಾರರು. ಸ್ಕಾರ್ಲೆಟ್ ಮಂಚದ ಕಂಬ ಹಿಡಿದು, ಉಸಿರು ಬಿಗಿಹಿಡಿದು ನಿಂತಿದ್ದಾಳೆ. ಹಿಂದಿನಿಂದ ದಾಸಿ ಕಾರ್ಸೆಟ್ಟಿನ ದಾರ ಜಗ್ಗುತ್ತಿದ್ದಾಳೆ. 'ಟೈಟಾನಿಕ್'ನಲ್ಲಿ (1997) ತಾಯಿಯೇ ಮಗಳ ದಾರ ಎಳೆದಳು. 2020ರ 'ಬ್ರಿಡ್ಜರ್ಟನ್' ಧಾರಾವಾಹಿಯ ಮೊದಲ ಕಂತಿನಲ್ಲೂ ಅದೇ ಜಗ್ಗಾಟ. ಅದರ ಕತೆ ನಡೆಯುವುದು 1813ರಲ್ಲಿ. ಆಗಿನ ಗೌನು ಎದೆಯ ಕೆಳಗಿನಿಂದಲೇ ಸಡಿಲವಾಗಿ ಇಳಿಬೀಳುತ್ತಿತ್ತು. ಕಾಣದ ಸೊಂಟವನ್ನು ಯಾರಿಗಾಗಿ ಸಣ್ಣ ಮಾಡಬೇಕಿತ್ತೋ!

ಹೆಣ್ಣಿನ ಬಂಧನವನ್ನು ಅರ್ಧ ನಿಮಿಷದಲ್ಲಿ ತೋರಿಸಲು ಸಿನಿಮಾದವರಿಗೆ ಇದೊಂದು ಸುಲಭದ ದಾರಿ. ಆದರೆ ವಿಕ್ಟೋರಿಯಾ ರಾಣಿಯ ಕಾಲದ (1837-1901) ಇಂಗ್ಲೆಂಡಿನಲ್ಲಿ ಕಾರ್ಸೆಟ್ ದಿನನಿತ್ಯದ ಒಳ ಉಡುಪು. ಮನೆಗೆಲಸದವಳೂ ಅದನ್ನು ತೊಟ್ಟೇ ನೆಲ ಒರೆಸುತ್ತಿದ್ದಳು. ಮೈಗೆ ತಾಗಿ ತೆಳು ಒಳಂಗಿ, ಅದರ ಮೇಲೆ ಕಾರ್ಸೆಟ್, ಆಮೇಲೆ ಲಂಗದ ಮೇಲೆ ಲಂಗ. ಎದೆಗೆ ಆಧಾರವೂ ಆಯಿತು, ಅಷ್ಟೊಂದು ಲಂಗಗಳ ಭಾರ ಸೊಂಟವನ್ನು ಕೊರೆಯದಂತೆಯೂ ಆಯಿತು. ಲಂಗದ ಲಾಡಿಯ ಗುರುತು ಸೊಂಟದ ಮೇಲೆ ಹೊತ್ತ ನಮಗೆ ಇದನ್ನು ಬಿಡಿಸಿ ಹೇಳಬೇಕೆ? ಶತಮಾನದ ನಡುವಿಗೆ ಮುಂದುಗಡೆ ಕೊಂಡಿ ಹಾಕುವ ಕಾರ್ಸೆಟ್ ಬಳಕೆಗೆ ಬಂತು. ಆಮೇಲೆ ದಾರ ಎಳೆಯಲು ದಾಸಿಯೂ ಬೇಕಿರಲಿಲ್ಲ.

ಸೊಂಟ ಸಣ್ಣಗಾಗಲೆಂದು ಪಕ್ಕೆಲುಬನ್ನೇ ತೆಗೆಸುತ್ತಿದ್ದರಂತೆ ಎಂಬ ಮಾತು ನಮ್ಮ ಸ್ಟಾಫ್ ರೂಮಿನಲ್ಲೂ ಒಮ್ಮೆ ಬಂದಿತ್ತು. ಇದಕ್ಕೆ ದಾಖಲೆಯೇ ಇಲ್ಲ. ಲಿಸ್ಟರ್ ತಮ್ಮ ಕ್ರಿಮಿನಾಶಕ ವಿಧಾನವನ್ನು ಪ್ರಕಟಿಸಿದ್ದು 1867ರಲ್ಲಿ. ಅದಕ್ಕೆ ಮುಂಚೆ ಸಣ್ಣ ಶಸ್ತ್ರಚಿಕಿತ್ಸೆಯಲ್ಲೂ ನಂಜೇರಿ ಜನ ಸಾಯುತ್ತಿದ್ದರು. ಅಂಥಾದ್ದರಲ್ಲಿ ಅಂದಕ್ಕಾಗಿ ಯಾರು ಎದೆಗೂಡು ಕೊಯ್ಯಿಸಿಕೊಂಡಾರು? ಇನ್ನು ಹದಿನಾರು, ಹದಿನೇಳು ಇಂಚಿನ ಸೊಂಟದ ಕತೆಗಳು. ಇವುಗಳಲ್ಲಿ ಎಷ್ಟೋ ಬಂದದ್ದು ಆ ಕಾಲದ ಪತ್ರಿಕೆಗಳಿಗೆ ಹೆಸರು ಮರೆಸಿ ಬರೆದ ಪತ್ರಗಳಿಂದ. ವ್ಯಾಲೆರಿ ಸ್ಟೀಲ್ ತಮ್ಮ 'ದಿ ಕಾರ್ಸೆಟ್' (2001) ಪುಸ್ತಕದಲ್ಲಿ ಇಂಥ ಪತ್ರಗಳಲ್ಲಿ ಬಹಳಷ್ಟು ಬರೀ ಕಲ್ಪನಾವಿಲಾಸ ಎನ್ನುತ್ತಾರೆ. ಕಾರ್ಸೆಟ್ಟಿನ ಅಳತೆಯೇ ಸೊಂಟದ ಅಳತೆಯೂ ಅಲ್ಲ. ಹಿಂದುಗಡೆ ಎರಡು ಅಂಚುಗಳ ನಡುವೆ ಸಂದು ಬಿಟ್ಟೇ ದಾರ ಕಟ್ಟುತ್ತಿದ್ದರು.

ಹಾಗೆಂದು ಕಾರ್ಸೆಟ್ ನಿರಪರಾಧಿಯಲ್ಲ. ಬಿಗಿಯಾದರೆ ಎದೆ ತುಂಬ ಉಸಿರೆಳೆಯಲಾಗದು, ಮೆಟ್ಟಿಲು ಹತ್ತಿದರೆ ತಲೆ ಸುತ್ತೀತು. ಅತಿಯಾಗಿ ಬಿಗಿದುಕೊಳ್ಳುವವರೂ ಇದ್ದರು. ಆದರೆ ವೈದ್ಯರು ಕ್ಷಯಕ್ಕೂ ಅದನ್ನೇ ದೂರಿದರು. ಕಾಖ್ ಕ್ಷಯದ ಕ್ರಿಮಿಯನ್ನು ತೋರಿಸಿಕೊಟ್ಟದ್ದು 1882ರಲ್ಲಿ.

ಅದೇ 1882ರಲ್ಲೇ ಇಂಗ್ಲೆಂಡಿನ ಮದುವೆಯಾದ ಹೆಂಗಸಿಗೆ ತನ್ನ ಆಸ್ತಿಯ ಮೇಲೆ ಪೂರ್ತಿ ಹಕ್ಕು ಕೊಡುವ ಕಾಯಿದೆ ಬಂತು. 1870ರವರೆಗೆ ಅವಳು ದುಡಿದ ಕೂಲಿಯೂ ಕಾನೂನಿನ ಪ್ರಕಾರ ಗಂಡನದೇ. ನನ್ನ ತಕರಾರು ಇರುವುದು ಇಲ್ಲಿ. ಕ್ಯಾಮೆರಾಕ್ಕೆ ದಾರ ಕಾಣುತ್ತದೆ, ಕಾನೂನಿನ ಕಾಗದ ಕಾಣುವುದಿಲ್ಲ. ಉಸಿರು ಕಟ್ಟಿಸಿದ್ದೆಲ್ಲ ಬಟ್ಟೆಯೇ ಎಂದುಕೊಂಡು ನಾವೂ ಎದ್ದು ಬರುತ್ತೇವೆ.

'ಟೈಟಾನಿಕ್'ನ ಆ ತಾಯಿಯ ಮಾತನ್ನು ಇನ್ನೊಮ್ಮೆ ಕೇಳಿ ನೋಡಿ. ದಾರ ಎಳೆಯುತ್ತಾ ಅವಳು ಹೇಳುವುದು ಸೊಂಟದ ವಿಷಯವಲ್ಲ, ಸಾಲದ ವಿಷಯ. ಗಂಡ ಬಿಟ್ಟುಹೋದದ್ದು ಸಾಲ ಮಾತ್ರ; ಮಗಳು ಶ್ರೀಮಂತನನ್ನು ಮದುವೆಯಾಗದಿದ್ದರೆ ತಾನು ಬಟ್ಟೆ ಹೊಲಿದು ಬದುಕಬೇಕಾದೀತೆಂಬ ಭಯ. ಹಾಗೆ ಹೊಲಿದು ಬದುಕುತ್ತಿದ್ದ ಹೆಂಗಸರೂ ಕಾರ್ಸೆಟ್ ತೊಟ್ಟೇ ಕೆಲಸಕ್ಕೆ ಕೂರುತ್ತಿದ್ದರು. ಸಿನಿಮಾ ಅವರ ಮನೆ ಕಡೆ ತಿರುಗಿ ನೋಡುವುದಿಲ್ಲ.