ಕೊಕ್ಕು ನಂಬಿ ಕೆಟ್ಟವರು

ಕೊಕ್ಕು ನೋಡಿ ಕುಲ ಹೇಳುವುದು ಪಕ್ಷಿವೀಕ್ಷಕರ ಹಳೇ ಚಟ. ದಪ್ಪ ಗಿಡ್ಡ ಕೊಕ್ಕು ಕಂಡರೆ ಸಾಕು, ಕಾಳು ತಿನ್ನುವ ಫಿಂಚ್ ಎಂದುಬಿಡುತ್ತೇವೆ. ಆಂಡಿಸ್ ಬೆಟ್ಟಗಳ ಪ್ಲಶ್‌ಕ್ಯಾಪ್ ಮುಂದೆ ಮಾತ್ರ ಈ ಜಾಣತನ ನಡೆಯುವುದಿಲ್ಲ.

ಸುಮಾರು 14 ಸೆಂ.ಮೀ. ಉದ್ದದ ಹಕ್ಕಿ. ಬೆನ್ನು ಬೂದು, ಕೆನ್ನೆಯಿಂದ ಹೊಟ್ಟೆಯವರೆಗೆ ಕಂದುಗೆಂಪು. ಹಣೆಯ ಮೇಲೆ ಅರಿಸಿನ ಹಳದಿಯ ಗಿಡ್ಡ ಗರಿಗಳು ಬಿರುಸಾಗಿ, ಒತ್ತೊತ್ತಾಗಿ ನಿಂತಿರುತ್ತವೆ. ಕೊಕ್ಕೇನೋ ದಪ್ಪ, ಕಪ್ಪು. ಆದರೆ ಅದರ ಕೆಲಸವೇ ಬೇರೆ. ಚುಸ್ಕಿಯಾ ಬಿದಿರಿನ ಗೆಣ್ಣುಗಳಲ್ಲಿ ಎಲೆಗಳು ಗುಂಪಾಗಿ ಹೊರಡುವ ಕಡೆ ಹಕ್ಕಿ ಕೊಕ್ಕು ತೂರಿಸಿ, ಒತ್ತಿ, ಸಂದಿಯಲ್ಲಡಗಿದ ಹುಳುಗಳನ್ನು ಹೆಕ್ಕುತ್ತದೆ. ತಲೆಕೆಳಗಾಗಿ ಜೋತುಬಿದ್ದಾದರೂ ಸರಿ. ಸದಾ ತೊಯ್ದಿರುವ ಎಲೆಗಳಿಗೆ ತಲೆ ಉಜ್ಜಿದರೂ ಸವೆಯದಿರಲೆಂದೇ ಹಣೆಯ ಗರಿ ಅಷ್ಟು ಬಿರುಸು ಎಂಬ ಊಹೆಯಿದೆ. ನನಗದು ಒಪ್ಪಿಗೆ.

1842ರಲ್ಲಿ ಫ್ರಾನ್ಸಿನ ಲಾಫ್ರೆನೇ ಇದಕ್ಕೆ ಕ್ಯಾಟಂಬ್ಲಿರಿಂಕಸ್ ಡಯಾಡೆಮಾ ಎಂದು ಹೆಸರಿಟ್ಟರು. ಎಲ್ಲಿಗೆ ಸೇರಿಸಬೇಕೆಂದು ತೋಚದೆ ಮುಂದಿನವರು ಇದೊಂದಕ್ಕೇ ಪ್ರತ್ಯೇಕ ಕುಟುಂಬ ಕಟ್ಟಿಕೊಟ್ಟರು. ಒಂಟಿ ಹಕ್ಕಿಗೊಂದು ಮನೆತನ! ಕೊನೆಗೆ ವಂಶವಾಹಿಗಳು ಜಗಳ ಬಿಡಿಸಿದವು: ಇದು ಟ್ಯಾನೇಜರ್‌ಗಳ ಮನೆಯದೇ. ಗಲಾಪಗೋಸ್‌ನ ಡಾರ್ವಿನ್ ಫಿಂಚ್‌ಗಳೂ ಅದೇ ಮನೆಯವೆಂದು ಈಗ ಗೊತ್ತಾಗಿದೆ. ಅಲ್ಲಿಯೂ ಮೋಸ ಮಾಡಿದ್ದು ಕೊಕ್ಕೇ. ಹೊಟ್ಟೆಪಾಡಿಗೆ ತಕ್ಕಂತೆ ಅದರಷ್ಟು ಬೇಗ ಬದಲಾಗುವ ಅಂಗ ಇನ್ನೊಂದಿರಲಿಕ್ಕಿಲ್ಲ.

ಇದರ ನೆಲೆ ವೆನೆಜುವೆಲಾದಿಂದ ಕೊಲಂಬಿಯ, ಈಕ್ವೆಡಾರ್, ಪೆರು, ಬೊಲಿವಿಯ ದಾಟಿ ಅರ್ಜೆಂಟೀನಾದ ವಾಯವ್ಯ ಮೂಲೆಯವರೆಗೆ. ನಕ್ಷೆಯಲ್ಲಿ ದೊಡ್ಡ ಸೀಮೆಯೆನಿಸುತ್ತದೆ. ಬೆಟ್ಟದಲ್ಲಿ ಹುಡುಕಿದರೆ ಸೀರೆಯ ಅಂಚಿನಷ್ಟೇ ಅಗಲ. ಬಹುಪಾಲು 1,800ರಿಂದ 3,500 ಮೀಟರ್ ಎತ್ತರದ ಮಂಜುಗಾಡು, ಅದರಲ್ಲೂ ಬಿದಿರಿದ್ದ ಕಡೆ ಮಾತ್ರ. ಉಪಜಾತಿ ಮೂರು. ಆಂಡಿಸ್‌ನ ಉತ್ತರಕ್ಕೊಂದು, ಪೆರುವಿನಿಂದ ದಕ್ಷಿಣಕ್ಕೊಂದು. ಮೂರನೆಯದಾದ ಫೆಡರಾಲಿಸ್ ವೆನೆಜುವೆಲಾದ ಕರಾವಳಿ ಬೆಟ್ಟಸಾಲಿನಲ್ಲಿ, ಉಳಿದ ಬಳಗದಿಂದ ದೂರ ಉಳಿದುಬಿಟ್ಟಿದೆ.

ಚುಸ್ಕಿಯಾದ ಕಾಂಡ ನಮ್ಮ ಬಿದಿರಿನ ಹಾಗೆ ಟೊಳ್ಳಲ್ಲ, ಗಟ್ಟಿ. ಆದರೆ ಹಲವು ಜಾತಿಗಳು ನಮ್ಮದರಂತೆಯೇ ವರ್ಷಗಟ್ಟಲೆ ಸುಮ್ಮನಿದ್ದು, ಒಟ್ಟಿಗೇ ಹೂಬಿಟ್ಟು ಸಾಯುತ್ತವೆ. ಆಗ ಮೆಳೆ ನಂಬಿದ ಹಕ್ಕಿ ಬೇರೆ ಮೆಳೆ ಹುಡುಕಿಕೊಳ್ಳಬೇಕು. ಆ ಕಡೆ ಹೋಗುವವರು ಮರದ ತುದಿ ನೋಡಿ ಕತ್ತು ನೋಯಿಸಿಕೊಳ್ಳಬೇಡಿ. ಹಲವು ಜಾತಿಯ ಹಕ್ಕಿಗಳು ಗುಂಪಾಗಿ ಸಾಗುವಾಗ ಮೆಳೆಯ ಒಳಗೆ ಕಣ್ಣಿಡಿ. ಒಂದೋ ಎರಡೋ ಪ್ಲಶ್‌ಕ್ಯಾಪ್ ಜೊತೆಗಿದ್ದರೂ ಇರಬಹುದು.