ಮಂದ್ರಕ್ಕೆ ತಕ್ಕ ಪೆಡಲ್

ಕೋಟೇಶ್ವರದ ಕೊಡಿ ಹಬ್ಬದಿಂದ ಮಳೆ ಹಿಡಿಯುವ ತನಕ ಕುಂದಾಪುರ, ಬೈಂದೂರು, ಬ್ರಹ್ಮಾವರದ ಬಯಲುಗಳಲ್ಲಿ ರಸಮಂಜರಿಗಳ ಕಾಲ. ಹಿಂದಿನ ಸಾಲಿನಲ್ಲಿ ನಿಲ್ಲುವ ಬೇಸ್ ಗಿಟಾರಿನವರ ಕಾಲಬಳಿಯೂ ಈಗ ಪೆಡಲ್‌ಗಳಿವೆ. ಸಂತೋಷವೇ. ಆದರೆ ಅವು ಗಿಟಾರಿಗೆಂದು ಮಾಡಿದವಾಗಿದ್ದರೆ ನನ್ನ ತಕರಾರಿದೆ.

ಜಿಮಿ ಹೆಂಡ್ರಿಕ್ಸ್‌ನ ಫಝ್, ಸ್ಟೀವಿ ರೇ ವಾನ್‌ನ ಟ್ಯೂಬ್ ಸ್ಕ್ರೀಮರ್ ಕೇಳಿ ಬೆಳೆದ ಕಿವಿ ಅದೇ ಡಬ್ಬಿಯನ್ನು ಬಯಸುತ್ತದೆ, ನಿಜ. ಟ್ಯೂಬ್ ಸ್ಕ್ರೀಮರ್ ಮಾತ್ರ ಸುಮಾರು 720 ಹರ್ಟ್ಜ್‌ಗಿಂತ ಕೆಳಗಿನದನ್ನು ಕಡಿಮೆಯೇ ಹಿಗ್ಗಿಸುತ್ತದೆ. ಬೇಸಿನ ದಪ್ಪ ತಂತಿ ನುಡಿಯುವುದು 41 ಹರ್ಟ್ಜ್‌ನಲ್ಲಿ! ಪೆಡಲ್ ಒತ್ತಿದೊಡನೆ ಹಾಡಿನ ತಳವೇ ಸಡಿಲವಾಗುತ್ತದೆ. ಬಡಗುತಿಟ್ಟಿನ ಆಟ ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಚೆಂಡೆ ಎಷ್ಟೇ ಏರಲಿ, ಪದ್ಯವನ್ನು ಹೊತ್ತು ನಡೆಸುವುದು ಮದ್ದಳೆ.

ಬೇಸಿನವರು ಹುಡುಕಬೇಕಾದದ್ದು ಬ್ಲೆಂಡ್ ಗುಂಡಿ. ತಂತಿಯ ಶುದ್ಧ ನಾದವನ್ನು ಕೆಳಗೆ ಹಾಗೇ ಉಳಿಸಿ, ಮೇಲೆ ಬೇಕಾದಷ್ಟೇ ಒರಟುತನ ಬೆರೆಸುವ ಗುಂಡಿ ಅದು. ಟೆಕ್ 21 ಕಂಪೆನಿಯ ಸ್ಯಾನ್ಸ್‌ಆಂಪ್ ಬೇಸ್ ಡ್ರೈವರ್‌ನಲ್ಲಿದೆ. ಅದರಿಂದ ನೇರ ಮಿಕ್ಸರಿಗೂ ವೈರ್ ಎಳೆಯಬಹುದು. ಗಿಟಾರಿನವರ ಯಂತ್ರ ಬೇಸಿಗೆ ಒಗ್ಗುವುದೇ ಇಲ್ಲವೆಂದಲ್ಲ. ಪಿಂಕ್ ಫ್ಲಾಯ್ಡ್‌ನ ‘ಮೆಡಲ್’ (1971) ಆಲ್ಬಮ್ಮಿನ ಮೊದಲ ಹಾಡು ಕೇಳಿ. ರೋಜರ್ ವಾಟರ್ಸ್, ಡೇವಿಡ್ ಗಿಲ್ಮೋರ್ ಇಬ್ಬರೂ ಬೇಸ್ ಹಿಡಿದಿದ್ದಾರೆ, ನಾದ ಬಿನ್ಸನ್ ಎಕೊರೆಕ್ ಎಂಬ ಪ್ರತಿಧ್ವನಿ ಯಂತ್ರದಿಂದ ಬರುತ್ತಿದೆ. ಮೂಲ ಸ್ವರ ಎಲ್ಲೂ ಕರಗಿಲ್ಲ. ಎಷ್ಟು ಸಲ ಕೇಳಿದರೂ ರೋಮಾಂಚನ.

ಬಸ್ರೂರಿನವರೇ ಆದ ರವಿ ಬಸ್ರೂರು ‘ಕೆಜಿಎಫ್’ಗೆ (2018) ಕೊಟ್ಟ ಸಂಗೀತವನ್ನು ನಮ್ಮ ಜನ ವೇದಿಕೆಯಲ್ಲಿ ಕೇಳಬಯಸುವುದು ಸಹಜ. ಆ ಗಟ್ಟಿತನದ ಹತ್ತಿರ ಹೋಗಲು ಬಾಸ್ ಕಂಪೆನಿ 1982ರಲ್ಲಿ ತಂದ ಒಸಿ-2ರಂಥ ಆಕ್ಟೇವ್ ಪೆಡಲ್ ಒಂದೇ ಸಾಕು. ನುಡಿಸಿದ್ದಕ್ಕೆ ಒಂದು ಸ್ಥಾಯಿ ಕೆಳಗಿನ ಸ್ವರವನ್ನು ಅದು ಜೋಡಿಸುತ್ತದೆ. ದಪ್ಪ ತಂತಿಯಲ್ಲಿ ಬಳಸಿದರೆ 20 ಹರ್ಟ್ಜ್‌ಗೆ ಇಳಿಯುತ್ತೀರಿ, ಬಯಲಿನ ಸ್ಪೀಕರಿಗೆ ಅದು ದಕ್ಕದು. ಡಿ, ಜಿ ತಂತಿಗಳಲ್ಲಿ, ಒಂದು ಸಲಕ್ಕೆ ಒಂದೇ ಸ್ವರ ನುಡಿಸಿ.

ಇನ್ನು ಗುಂಯ್‌ಗುಡುವ ಕಾಟ. ನಮ್ಮ ಕರೆಂಟು 50 ಹರ್ಟ್ಜ್. ದಪ್ಪ ತಂತಿಯ ಮೂರನೇ ಮನೆಯ ಸ್ವರ 49, ನಾಲ್ಕನೆಯದು ಸುಮಾರು 52. ಎರಡರ ನಡುವೆಯೇ ಗುಂಯ್ ಬಂದು ಕೂರುತ್ತದೆ. ಸೌಂಡಿನವರು ಅದನ್ನು ಕತ್ತರಿಸಹೊರಟರೆ ಬೇಸೂ ಜತೆಗೇ ಹೋಗುತ್ತದೆ. ಒಂದೇ ಅಡಾಪ್ಟರಿನಿಂದ ಎಲ್ಲ ಪೆಡಲ್‌ಗೂ ಕವಲು ಎಳೆಯುವುದನ್ನು ಬಿಟ್ಟು, ಪ್ರತಿ ಪೆಡಲ್‌ಗೂ ಪ್ರತ್ಯೇಕ ದಾರಿಯಿರುವ ಐಸೊಲೇಟೆಡ್ ಪವರ್ ಸಪ್ಲೈ ಇಟ್ಟುಕೊಳ್ಳಿ. ಮರವಂತೆಯಂಥ ಕಡಲಂಚಿನಲ್ಲಿ ನುಡಿಸಿ ಬಂದಮೇಲೆ ಜ್ಯಾಕ್‌ಗಳನ್ನು ಕಾಂಟ್ಯಾಕ್ಟ್ ಕ್ಲೀನರ್‌ನಿಂದ ಒರೆಸಿ. ಉಪ್ಪುಗಾಳಿ ಲೋಹವನ್ನು ಬಿಡುವುದಿಲ್ಲ.

ಪೆಡಲ್‌ಗೆಂದು ಹಣ ಕೂಡಿಡುತ್ತಿರುವ ಹುಡುಗ ಹುಡುಗಿಯರೇ, ಮೊದಲು ಪವರ್ ಸಪ್ಲೈ ಕೊಳ್ಳಿ, ಆಮೇಲೆ ಬ್ಲೆಂಡ್ ಇರುವ ಡ್ರೈವ್. ಫಝ್ ಕಾಯಲಿ.