9-4 ಹಿಡಿದು ಕಾಲ್ ಮಾಡುವವರ ಪರವಾಗಿ

ಹೋದ ವಾರ ಆಂಟಿಯ ಬಗ್ಗೆ ಬರೆಯುತ್ತಾ ನಡುವೆ ಒಂದು ಮಾತು ತೂರಿಸಿದ್ದೆ. ಬೌಂಟಿ ಟೂರ್ನಿಯಲ್ಲಿ ಶಾರ್ಟ್ ಸ್ಟ್ಯಾಕ್‌ನವನು ಆಲ್‌ಇನ್ ಅಂದಾಗ ಕಸದಂಥ ಎಲೆ ಹಿಡಿದೂ ಕಾಲ್ ಮಾಡಬಹುದು ಅಂತ. ಬಿಗಿ ಮಠದವರಿಗೆ ಅದು ಸಿಟ್ಟು ತರಿಸಿದೆ. (ಆ ಹೆಸರಿಟ್ಟವನು ನಾನೇ, ಹಳೆಯ ಓದುಗರಿಗೆ ಗೊತ್ತು.) ಎಕ್ಕ-ರಾಜ ಬರುವ ತನಕ ಕಾಯಬೇಕಂತೆ. ಬೌಂಟಿ ಸಿಕ್ಕರೆ ಸಿಕ್ಕಿತು, ಅದನ್ನು ಲೆಕ್ಕಕ್ಕೆ ಹಿಡಿಯುವುದು ದುರಾಸೆಯಂತೆ. ಸ್ವಾಮಿ, ಕಟ್ಟಿದ ಹಣದಲ್ಲಿ ಅರ್ಧ ಜನರ ತಲೆಯ ಮೇಲೆ ಕೂತಿರುವಾಗ ಅದನ್ನು ಲೆಕ್ಕಕ್ಕೆ ಹಿಡಿಯದಿರುವುದು ವೈರಾಗ್ಯವಲ್ಲ, ಸೋಮಾರಿತನ.

ಕಾಗದದ ಮೇಲೆ ಹಾಕಿಬಿಡೋಣ. ಬ್ಲೈಂಡ್ 500–1,000, ಬಿಗ್ ಬ್ಲೈಂಡ್‌ನವನೇ ಕಟ್ಟುವ ಆಂಟಿ 1,000. ಎಲ್ಲರೂ ಎಲೆ ಎಸೆದರು, ಬಟನ್‌ನಲ್ಲಿ ಕೂತವನು ಉಳಿದಿದ್ದ 6,000ವನ್ನೂ ನೂಕಿದ, ಸ್ಮಾಲ್ ಬ್ಲೈಂಡ್ ಕೈಬಿಟ್ಟಿತು. ಬಿಗ್ ಬ್ಲೈಂಡ್‌ನಲ್ಲಿರುವ ನಿಮ್ಮ ಕೈಯಲ್ಲಿ 9-4, ಜಾತಿಯೂ ಬೇರೆ ಬೇರೆ. ಪಾಟ್‌ನಲ್ಲಿ 8,500 ಬಿದ್ದಿದೆ, ನೀವು ಹಾಕಬೇಕಾದ್ದು 5,000. ಸಾದಾ ಟೂರ್ನಿಯಾದರೆ ನೂರಕ್ಕೆ 37 ಸಲ ಗೆದ್ದರೆ ಅಸಲು ಹುಟ್ಟುತ್ತದೆ. ಈಗ ಬೌಂಟಿ ಸೇರಿಸಿ. ಪ್ರೋಗ್ರೆಸ್ಸಿವ್ ಆಟದಲ್ಲಿ ಇನ್ನೂ ಏರದ ಒಂದು ತಲೆಯ ಬೆಲೆ ಆರಂಭದ ಸ್ಟ್ಯಾಕಿನ ಮೂರನೇ ಒಂದು ಪಾಲು ಎಂದು ನಾನು ಹಿಡಿಯುತ್ತೇನೆ. ಅರ್ಧ ಅನ್ನುವವರೂ ಇದ್ದಾರೆ, ಇರಲಿ. 10,000ದ ಸ್ಟ್ಯಾಕಿಗೆ ಅದು 3,300 ಚಿಲ್ಲರೆ. ಅಷ್ಟಕ್ಕೇ 37 ಇದ್ದದ್ದು 30ಕ್ಕೆ ಇಳಿಯಿತು. ಅವನು ಆಗಲೇ ನಾಲ್ಕಾರು ಜನರನ್ನು ಕೆಡವಿ ತಲೆಬೆಲೆಯನ್ನು ನಾಲ್ಕು ಪಟ್ಟು ಏರಿಸಿಕೊಂಡಿದ್ದರೆ? 19.

9-4ಕ್ಕೆ ಅಷ್ಟು ತಾಕತ್ತಿದೆಯೇ ಅನ್ನುತ್ತೀರಿ. ಎದುರಿಗಿರುವುದು ಜೋಡಿಯಲ್ಲದ ಎರಡು ದೊಡ್ಡ ಎಲೆಯಾದರೆ ಮೂರರಲ್ಲಿ ಒಂದು ಸಲ ಚಿಕ್ಕದೇ ಗೆಲ್ಲುತ್ತದೆ. ದೊಡ್ಡ ಜೋಡಿಯಾದರೆ ಐದರಲ್ಲಿ ಒಂದೂ ಕಷ್ಟ. ಆದರೆ ಬಟನ್‌ನಲ್ಲಿ ಆರು ಬ್ಲೈಂಡ್ ಮಾತ್ರ ಉಳಿದವನು ಜೋಡಿಗಾಗಿ ಕಾದು ಕೂರುವುದಿಲ್ಲ. ರಾಣಿ-7, ಗುಲಾಮ-8, ಕೈಗೆ ಬಂದದ್ದನ್ನು ನೂಕುತ್ತಾನೆ. ಒಟ್ಟು ನೋಡಿದರೆ ನಮ್ಮ 9-4 ಆ 30ರ ಗೆರೆಯನ್ನು ಏದುಸಿರು ಬಿಡುತ್ತಾ ದಾಟುತ್ತದೆ. 19ರ ಗೆರೆಯಾದರೆ ಎಲೆ ನೋಡುವುದೂ ಬೇಕಿಲ್ಲ.

ಬಿಗಿ ಮಠದವರ ಧರ್ಮಗ್ರಂಥ ಡೇವಿಡ್ ಸ್ಕ್ಲಾನ್‌ಸ್ಕಿಯ 2002ರ ಟೂರ್ನಿ ಪುಸ್ತಕ. ನನಗೂ ಅದು ಬಲು ಪ್ರೀತಿಯದು, ನನ್ನ ಪ್ರತಿಯ ಬೆನ್ನು ಬಿಟ್ಟು ಹೋಗಿದೆ. ಅದರ ತಿರುಳು ಇಷ್ಟು. ಮೊದಲು ದುಡ್ಡು ಹಾಕುವವನಿಗೆ ಸಾಧಾರಣ ಎಲೆ ಸಾಕು, ಅವನ ಹಿಂದೆ ಕಾಲ್ ಮಾಡುವವನಿಗೆ ಅದಕ್ಕಿಂತ ಒಳ್ಳೆಯ ಎಲೆ ಬೇಕು. ಯಾಕೆಂದರೆ ಮೊದಲು ಹಾಕಿದವನು ಎರಡು ದಾರಿಯಲ್ಲಿ ಗೆಲ್ಲಬಲ್ಲ. ಎದುರಿನವರು ಹೆದರಿ ಎಲೆ ಬಿಟ್ಟರೂ ಪಾಟ್ ಅವನದು, ಎಲೆ ತೆರೆದಾಗ ದೊಡ್ಡದಾದರೂ ಅವನದು. ಕಾಲ್ ಮಾಡಿದವನಿಗೆ ಇರುವುದು ಎರಡನೇ ದಾರಿ ಒಂದೇ. ಈ ಎರಡರ ನಡುವಿನ ಅಂತರವೇ ಸ್ಕ್ಲಾನ್‌ಸ್ಕಿಯ ಪ್ರಸಿದ್ಧ ಸೂತ್ರ. ಮಠದವರು ಅದನ್ನು ಬಾಯಿಪಾಠ ಮಾಡಿದ್ದಾರೆ. ಸರಿ. ಆದರೆ ಕಾಲ್ ಮಾಡುವವನ ಮುಂದೆ ಪಾಟ್ ಜೊತೆಗೆ ಒಂದು ತಲೆಯನ್ನೂ ಇಟ್ಟ ಮೇಲೆ ಆ ಅಂತರ ಅಷ್ಟೇ ಉಳಿಯುತ್ತದೆಯೇ? ಗುರು ಕೊಟ್ಟದ್ದು ಕಾರಣ, ಶಿಷ್ಯರು ಉಳಿಸಿಕೊಂಡದ್ದು ಫಲಿತಾಂಶ.

ಹಾಗಂತ ಇನ್ನೊಂದು ತುದಿಯ ಹುಡುಗರನ್ನು ನಾನು ಮೆಚ್ಚುವುದಿಲ್ಲ. ತಮಗಿಂತ ದೊಡ್ಡ ಸ್ಟ್ಯಾಕಿನವನು ನೂಕಿದಾಗಲೂ "ಬೌಂಟಿ ಇದೆ" ಅಂತ ಕಾಲ್ ಮಾಡುತ್ತಾರೆ. ಅವನು ಸೋತರೂ ಎದ್ದು ಹೋಗುವುದಿಲ್ಲವಲ್ಲ, ಯಾವ ಬೌಂಟಿ? ತಮ್ಮ ಹಿಂದೆ ಇನ್ನೂ ಮೂವರು ಆಡುವುದಿದೆ ಎಂಬುದನ್ನೂ ನೋಡುವುದಿಲ್ಲ. ಫೈನಲ್ ಟೇಬಲ್ ಹತ್ತಿರ ಬಂದಾಗ ಲೆಕ್ಕವೇ ಬೇರೆ. ಈ ವಾರ ಅದನ್ನೇ ಬಿಡಿಸಬೇಕೆಂದಿದ್ದೆ, ಆದರೆ ಚಿಕ್ಕಯ್ಯನಛತ್ರದ ಕಡೆಯಿಂದ ಬಂದ ಒಂದು ಪ್ರಶ್ನೆ ಅದಕ್ಕಿಂತ ರುಚಿಯಾಗಿದೆ.

ಹಿನ್ನೆಲೆ ಗೊತ್ತಿದ್ದದ್ದೇ. ಕೌಶಲದ ಆಟವಾಗಿ ಆಡುವ ಪೋಕರಿಗೆ ಪರವಾನಗಿ ಬೇಡವೆಂದು ನಮ್ಮ ಹೈಕೋರ್ಟ್ 2013ರಲ್ಲಿ ಹೇಳಿತು. 2021ರಲ್ಲಿ ರಾಜ್ಯ ಸರ್ಕಾರ ತಂದ ಆನ್‌ಲೈನ್ ನಿಷೇಧವನ್ನು 2022ರ ಫೆಬ್ರುವರಿ 14ರಂದು ಅದೇ ಹೈಕೋರ್ಟ್ ಹೊಡೆದುಹಾಕಿತು. ಕಡೆಗೆ 2025ರ ಆಗಸ್ಟ್‌ನಲ್ಲಿ ಕೇಂದ್ರದ ಕಾಯ್ದೆ ಬಂದು ಹಣ ಕಟ್ಟುವ ಆನ್‌ಲೈನ್ ಆಟವೇ ನಿಂತಿತು. ಫೋನಿನಲ್ಲಿ ಆಡುತ್ತಿದ್ದವರು ಹೊತ್ತು ಕಳೆಯಲು ಜಗಲಿಗೆ ಬಂದಿದ್ದಾರೆ. ಯುಗಾದಿಯ ಹೊಸ ತೊಡಕಿಗೆ ಚಾಪೆ ಹಾಸಿ ಅಂದರ್ ಬಾಹರ್ ಆಡುವವರ ಜೊತೆ ಇವರನ್ನು ಸೇರಿಸಬೇಡಿ. ಅಲ್ಲಿ ಎಲೆ ಒಳಗೆ ಬೀಳುತ್ತದೋ ಹೊರಗೋ ಎಂದು ಬಾಯಿ ಬಿಟ್ಟು ನೋಡುವುದಷ್ಟೇ ಕೆಲಸ, ಅದನ್ನು ಆಟ ಅನ್ನಲು ನಾನು ತಯಾರಿಲ್ಲ. ಚಿಕ್ಕಯ್ಯನಛತ್ರದವರು ಹಣ ಮುಟ್ಟುವುದಿಲ್ಲ. ಚಿಪ್ಸ್ ಬದಲು ಹುಣಸೆ ಬೀಜ. ತಲೆಗೊಂದು ಬೌಂಟಿ: ನಂಜನಗೂಡು ರಸಬಾಳೆಯ ಹಣ್ಣು ಒಂದು. ಪ್ರೋಗ್ರೆಸ್ಸಿವ್ ಮಾಡುವಂತಿಲ್ಲ, ಅರ್ಧ ಹಣ್ಣು ಯಾರ ತಲೆಯ ಮೇಲೂ ಕೂರದು.

ಅಲ್ಲೀಗ ಎಲ್ಲರೂ ಎಲ್ಲದಕ್ಕೂ ಕಾಲ್ ಮಾಡುತ್ತಾರಂತೆ, ಇದು ಸರಿಯೇ ಎಂದು ಕೇಳಿದ್ದಾರೆ. ಒಂದು ರಸಬಾಳೆಗೆ ಎಷ್ಟು ಹುಣಸೆ ಬೀಜ ಎಂದು ಯಾರೂ ಗೊತ್ತು ಮಾಡಿಲ್ಲ, ತೊಂದರೆ ಇರುವುದು ಅಲ್ಲಿ. ಗೆದ್ದವನಿಗೆ ಕೊನೆಗೆ ಸಿಗುವುದೇನು? ಚಪ್ಪಾಳೆ. ಆದ್ದರಿಂದ ಬೀಜಕ್ಕೆ ಬೆಲೆಯೇ ಇಲ್ಲ, ಹಣ್ಣಿಗೆ ಮಾತ್ರ ಇದೆ. ಪನಾಮಾ ಸೊರಗು ರೋಗ ತೋಟಗಳನ್ನು ಬೋಳಿಸಿದ ಮೇಲೆ ಅಸಲಿ ರಸಬಾಳೆ ಹುಡುಕಿ ತರಬೇಕಾದ ಹಣ್ಣು. ಭೌಗೋಳಿಕ ಸೂಚಿ ಸಿಕ್ಕಿದೆ, ಗೊನೆ ಸಿಗುವುದಿಲ್ಲ. ಇಂಥ ಕಡೆ 7-2 ಹಿಡಿದು ಕಾಲ್ ಮಾಡದವನೇ ದಡ್ಡ. ಬೌಂಟಿಗೆ ಏಲಕ್ಕಿ ಬಾಳೆ ಇಟ್ಟು, ಗೆದ್ದವನಿಗೆ ರಸಬಾಳೆಯ ಒಂದು ಚಿಪ್ಪು ಕೊಡಿ. ಅದೇ ಜನ ಅದೇ ಜಗಲಿಯಲ್ಲಿ ಮರುದಿನವೇ ಬಿಗಿ ಮಠ ಸೇರುತ್ತಾರೆ.

ಅವರದು ಇನ್ನೊಂದು ಪ್ರಶ್ನೆಯೂ ಇದೆ. ಒಂದೇ ಆಲ್‌ಇನ್‌ಗೆ ಇಬ್ಬರು ಕಾಲ್ ಮಾಡಿ, ಇಬ್ಬರಿಗೂ ಸಮ ಎಲೆ ಬಂದರೆ ಹಣ್ಣು ಯಾರಿಗೆ? ಪಾಟ್ ಹಂಚಿದಾಗ ಒಂದು ಚಿಪ್ ಬೆಸವಾಗಿ ಉಳಿದರೆ ಅದು ಬಟನ್‌ನ ಎಡಕ್ಕೆ ಮೊದಲು ಕೂತವನಿಗೆ ಹೋಗುತ್ತದೆ. ಹಣ್ಣಿಗೂ ಅದೇ ನಿಯಮ ಹಾಕಿ. ಚಾಕು ತರಬೇಡಿ.